ದುಡುಕಿನ ಆಲ್-ಇನ್‌ಗೆ ಯಾವಾಗ ಕಾಲ್ ಮಾಡಬೇಕು?

ಪೋಕರ್ ಟೂರ್ನಮೆಂಟಿನಲ್ಲಿ ಆಟಗಾರನೊಬ್ಬ ತನ್ನ ಮುಂದಿರುವ ಅಷ್ಟೂ ಚಿಪ್‌ಗಳನ್ನು ಒಂದೇ ಸಲಕ್ಕೆ ಪಣಕ್ಕಿಡುವುದನ್ನು ಆಲ್-ಇನ್ ಎನ್ನುತ್ತಾರೆ. ಎದುರಿಗಿರುವವರಿಗೆ ಆಗ ಸಾಮಾನ್ಯವಾಗಿ ಉಳಿಯುವುದು ಎರಡೇ ದಾರಿ: ಅಷ್ಟೇ ಚಿಪ್ ಹಾಕಿ ಕಾಲ್ ಮಾಡುವುದು, ಇಲ್ಲವೇ ಎಲೆ ಕೆಳಗಿಟ್ಟು ಫೋಲ್ಡ್ ಮಾಡುವುದು. ಗಟ್ಟಿ ಎಲೆ ಬಂದಾಗ ಮಾತ್ರ ಆಲ್-ಇನ್ ಮಾಡುವ ಆಟಗಾರನ ಎದುರು ನಿರ್ಧಾರ ಸುಲಭ. ಕೈಯಲ್ಲಿ ಏನೇ ಇದ್ದರೂ ಎಲ್ಲವನ್ನೂ ಮುಂದೆ ನೂಕುವವನ ಎದುರು ಅದು ಕಷ್ಟ. ಅವನು ಬಹುಪಾಲು ಸಲ ಬರಿಗೈಯಲ್ಲೇ ಇರುತ್ತಾನೆ ಎಂಬುದು ಮೇಜಿನ ಸುತ್ತ ಕೂತವರಿಗೆಲ್ಲ ಗೊತ್ತಿರುತ್ತದೆ. ಆದರೂ ಒಂದು ತಪ್ಪು ಕಾಲ್ ಗಂಟೆಗಟ್ಟಲೆ ಆಡಿ ಕೂಡಿಸಿದ್ದನ್ನೆಲ್ಲ ಅಳಿಸಿಹಾಕಬಲ್ಲದು. ಈ ನಿರ್ಧಾರಕ್ಕೆ ಧೈರ್ಯ, ಹಠ, ಅದೃಷ್ಟದ ನಂಬಿಕೆ ಯಾವುದೂ ನೆರವಾಗದು. ಕಾಲ್ ಮಾಡಲು ತೆರಬೇಕಾದ ಬೆಲೆ ಎಷ್ಟು, ಎದುರಾಳಿ ಯಾವ ಯಾವ ಎಲೆಗಳಲ್ಲಿ ಹೀಗೆ ಮಾಡುತ್ತಾನೆ, ಸೋತರೆ ಟೂರ್ನಮೆಂಟಿನಲ್ಲಿ ಕಳೆದುಕೊಳ್ಳುವುದು ಏನು ಎಂಬ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿಕೊಂಡರೆ ಉತ್ತರ ಸಿಗುತ್ತದೆ.

ಆಟದ ಚೌಕಟ್ಟು

ಟೂರ್ನಮೆಂಟುಗಳಲ್ಲಿ ಹೆಚ್ಚಾಗಿ ಆಡುವುದು ಟೆಕ್ಸಾಸ್ ಹೋಲ್ಡೆಮ್ ಎಂಬ ಬಗೆ. ಪ್ರತಿಯೊಬ್ಬರಿಗೂ ಎರಡು ಗುಟ್ಟಿನ ಎಲೆ ಹಂಚಿ, ಮೇಜಿನ ಮಧ್ಯೆ ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಹಂತಹಂತವಾಗಿ ತೆರೆಯುತ್ತಾರೆ. ಈ ಏಳರಲ್ಲಿ ಅತ್ಯುತ್ತಮ ಐದು ಎಲೆಗಳ ಜೋಡಣೆ ಯಾರದೋ ಪಾಟ್, ಅಂದರೆ ಪಣಕ್ಕೆ ಬಿದ್ದ ಒಟ್ಟು ಚಿಪ್, ಅವರದು. ಪ್ರತಿ ಹಂಚಿಕೆಗೂ ಮುನ್ನ ಇಬ್ಬರು ಆಟಗಾರರು ಕಡ್ಡಾಯವಾಗಿ ಕಟ್ಟುವ ಚಿಪ್‌ಗಳಿಗೆ ಸ್ಮಾಲ್ ಬ್ಲೈಂಡ್, ಬಿಗ್ ಬ್ಲೈಂಡ್ ಎಂದು ಹೆಸರು. ಈ ಸರದಿ ಮೇಜಿನ ಸುತ್ತ ತಿರುಗುತ್ತದೆ. ಮೂರೆಲೆ ಆಟದಲ್ಲಿ ಎಲೆ ನೋಡದೆ ಹಾಕುವ ಬ್ಲೈಂಡ್‌ಗಿಂತ ಇದು ಬೇರೆ.

ಟೂರ್ನಮೆಂಟಿನಲ್ಲಿ ಎಲ್ಲರೂ ಸಮ ಚಿಪ್‌ಗಳಿಂದ ಶುರುಮಾಡುತ್ತಾರೆ. ನಿಗದಿತ ಅವಧಿಗೊಮ್ಮೆ ಬ್ಲೈಂಡ್ ಏರುತ್ತದೆ. ಚಿಪ್ ಮುಗಿದವರು ಹೊರಗೆ. ಬಹುಮಾನ ಕೊನೆಯವರೆಗೆ ಉಳಿದ ಕೆಲವರಿಗೆ ಮಾತ್ರ, ಅದೂ ಮೇಲಿನ ಸ್ಥಾನಕ್ಕೆ ಹೆಚ್ಚು, ಕೆಳಗಿನದಕ್ಕೆ ಕಡಿಮೆ. ಗೆದ್ದ ಚಿಪ್ಪನ್ನು ಮಧ್ಯದಲ್ಲಿ ಹಣವಾಗಿ ಬದಲಿಸಿಕೊಂಡು ಎದ್ದುಹೋಗುವಂತಿಲ್ಲ. ಟೂರ್ನಮೆಂಟಿನ ಲೆಕ್ಕವೆಲ್ಲ ನಿಂತಿರುವುದು ಈ ಕೊನೆಯ ನಿಯಮದ ಮೇಲೆ.

ಎಲ್ಲ ಆಲ್-ಇನ್ ದುಡುಕಲ್ಲ

ಎದುರಾಳಿಯ ನಡೆ ನಿಜಕ್ಕೂ ದುಡುಕಿನದೇ ಎಂಬುದನ್ನು ಮೊದಲು ತಿಳಿಯಬೇಕು. ಚಿಪ್ ಕಡಿಮೆಯಾದವರು ಬೇರೆ ದಾರಿಯಿಲ್ಲದೆ ಆಲ್-ಇನ್ ಮಾಡುತ್ತಾರೆ. ಇದನ್ನು ಅಳೆಯಲು ಎಂ ಎಂಬ ಅಳತೆಯಿದೆ. ಕೈಯಲ್ಲಿರುವ ಚಿಪ್ಪನ್ನು ಒಂದು ಸುತ್ತಿಗೆ ಕಟ್ಟಬೇಕಾದ ಬ್ಲೈಂಡ್ ಮತ್ತಿತರ ಕಡ್ಡಾಯ ಚಿಪ್‌ಗಳ ಮೊತ್ತದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಎಂ. ಬ್ಲೈಂಡ್ 500 ಮತ್ತು 1,000 ಇರುವಾಗ 10,000 ಚಿಪ್ ಉಳಿದವರ ಎಂ 6.7. ಅಂದರೆ ಒಂದೂ ಪಾಟ್ ಗೆಲ್ಲದಿದ್ದರೆ ಏಳು ಸುತ್ತಿನೊಳಗೆ ಆಟ ಮುಗಿಯುತ್ತದೆ. ಪಾಲ್ ಮ್ಯಾಗ್ರಿಯಲ್ ಹೆಸರಿನ ಮೊದಲಕ್ಷರ ಹೊತ್ತ ಈ ಅಳತೆಯನ್ನು ಜನಪ್ರಿಯಗೊಳಿಸಿದವರು 1995ರ ವಿಶ್ವ ಪೋಕರ್ ಸರಣಿಯ ಚಾಂಪಿಯನ್ ಡ್ಯಾನ್ ಹ್ಯಾರಿಂಗ್ಟನ್. ಎಂ ಐದಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದ ಆಟಗಾರ ಸಾಧಾರಣ ಎಲೆಯಲ್ಲೂ ಎಲ್ಲವನ್ನೂ ಹಾಕುವುದು ಸರಿಯಾದ ಆಟವೇ ಹೊರತು ದುಡುಕಲ್ಲ.

ಚಿಪ್ ರಾಶಿ ಹಾಕಿಕೊಂಡವರ ಒತ್ತಡ ಇನ್ನೊಂದು ಬಗೆ. ಬಹುಮಾನದ ಹೊಸ್ತಿಲಲ್ಲಿ ಉಳಿದವರು ಹೊರಬೀಳಲು ಹೆದರುತ್ತಾರೆಂದು ತಿಳಿದೇ ಅವರು ಮೇಲಿಂದ ಮೇಲೆ ಆಲ್-ಇನ್ ಮಾಡುತ್ತಾರೆ. ಎಲೆ ದುರ್ಬಲವಾಗಿರಬಹುದು, ಲೆಕ್ಕ ದುರ್ಬಲವಲ್ಲ.

ಮೂರನೆಯದು ಅಸಲಿ ದುಡುಕು. ಸೋತ ಸಿಟ್ಟಿಗೆ, ಬೇಸರಕ್ಕೆ, ಬೇಗ ಮನೆಗೆ ಹೋಗುವ ಆತುರಕ್ಕೆ ಅಥವಾ ಮತ್ತೆ ಚಿಪ್ ಕೊಳ್ಳಬಹುದೆಂಬ ಭರವಸೆಗೆ ಎಲೆಯನ್ನು ಸರಿಯಾಗಿ ನೋಡದೆಯೇ ನೂಕುವುದು. ಚಿಪ್ ಮರುಖರೀದಿಗೆ ಅವಕಾಶವಿರುವ ಟೂರ್ನಮೆಂಟುಗಳ ಮೊದಲ ಗಂಟೆಯಲ್ಲಿ ಇಂಥವರು ಹೆಚ್ಚು ಕಾಣಸಿಗುತ್ತಾರೆ.

ಮೊದಲ ಪ್ರಶ್ನೆ: ಬೆಲೆ

ಕಾಲ್ ಮಾಡಲು ಹಾಕಬೇಕಾದ ಚಿಪ್, ಕಾಲ್ ಆದಮೇಲೆ ಪಾಟ್‌ನಲ್ಲಿರುವ ಒಟ್ಟು ಚಿಪ್‌ನ ಎಷ್ಟನೇ ಭಾಗವೋ ಅಷ್ಟಾದರೂ ಗೆಲ್ಲುವ ಸಂಭವ ಇರಬೇಕು. ಉದಾಹರಣೆಗೆ ಬ್ಲೈಂಡ್ 500 ಮತ್ತು 1,000. ಬ್ಲೈಂಡ್ ಕಟ್ಟದ ಆಟಗಾರನೊಬ್ಬ 10,000 ಚಿಪ್ ಆಲ್-ಇನ್ ಮಾಡಿದ್ದಾನೆ. ಸ್ಮಾಲ್ ಬ್ಲೈಂಡ್‌ನವರು ಎಲೆ ಬಿಟ್ಟರು. ಈಗ ಬಿಗ್ ಬ್ಲೈಂಡ್ ಕಟ್ಟಿದವರ ಸರದಿ. ಅವರ 1,000 ಆಗಲೇ ಪಾಟ್‌ನಲ್ಲಿದೆ, ಇನ್ನು ಹಾಕಬೇಕಾದ್ದು 9,000. ಕಾಲ್ ಆದಮೇಲೆ ಪಾಟ್ 20,500. 9,000ವನ್ನು 20,500ರಿಂದ ಭಾಗಿಸಿದರೆ ಸುಮಾರು ಶೇ. 44. ನೂರಕ್ಕೆ 44 ಸಲ ಗೆಲ್ಲಬಲ್ಲ ಎಲೆಯಿದ್ದರೆ ಚಿಪ್‌ಗಳ ಲೆಕ್ಕದಲ್ಲಿ ಈ ಕಾಲ್‌ನಿಂದ ನಷ್ಟವಿಲ್ಲ.

ಪಾಟ್‌ನಲ್ಲಿ ಆಗಲೇ ಬಿದ್ದಿರುವ ಬ್ಲೈಂಡ್ ಇಲ್ಲಿ ಬೆಲೆಯನ್ನು ಇಳಿಸಿದೆ. ಆಲ್-ಇನ್ ಚಿಕ್ಕದಾದಷ್ಟೂ ಬೆಲೆ ಅಗ್ಗ. ಅದೇ ಆಟಗಾರ 3,000 ಮಾತ್ರ ಹಾಕಿದ್ದರೆ ಬಿಗ್ ಬ್ಲೈಂಡ್‌ನವರು 2,000 ಕೊಟ್ಟು 6,500ರ ಪಾಟ್‌ಗೆ ಆಡುತ್ತಾರೆ. ಬೇಕಾದ ಗೆಲುವಿನ ಸಂಭವ ಶೇ. 31ಕ್ಕಿಂತ ಕಡಿಮೆ. ಹೀಗಿರುವಾಗ ತೀರಾ ಕಳಪೆಯಲ್ಲದ ಯಾವ ಎಲೆಯನ್ನೂ ಬಿಡಲು ಕಾರಣವಿಲ್ಲ.

ಎರಡನೆಯ ಪ್ರಶ್ನೆ: ಎದುರಾಳಿಯ ಎಲೆಗಳ ಹರವು

ಎದುರಾಳಿಯ ಕೈಯಲ್ಲಿ ಇಂಥದೇ ಎಲೆ ಇದೆ ಎಂದು ಊಹಿಸಲು ಹೋಗುವುದು ಹೊಸಬರ ಅಭ್ಯಾಸ. ಅನುಭವಿಗಳು ಅವನು ಯಾವ ಯಾವ ಎಲೆಗಳಲ್ಲಿ ಆಲ್-ಇನ್ ಮಾಡಬಲ್ಲ ಎಂಬ ಇಡೀ ಹರವನ್ನು ಅಂದಾಜು ಮಾಡುತ್ತಾರೆ.

52 ಎಲೆಗಳಿಂದ ಎರಡನ್ನು 1,326 ಬಗೆಯಲ್ಲಿ ಹಂಚಬಹುದು. ಎರಡು ಎಕ್ಕ ಬರುವ ಬಗೆ ಆರು ಮಾತ್ರ, ಅಂದರೆ 221 ಹಂಚಿಕೆಗೆ ಒಂದು. ಯಾವುದಾದರೂ ಒಂದು ಜೋಡಿ ಸರಾಸರಿ 17 ಹಂಚಿಕೆಗೊಮ್ಮೆ ಬರುತ್ತದೆ. ಹತ್ತರ ಜೋಡಿ ಅಥವಾ ಅದಕ್ಕೆ ಮೇಲ್ಪಟ್ಟ ಜೋಡಿ, ಎಕ್ಕ-ರಾಜ, ಎಕ್ಕ-ರಾಣಿ ಇಷ್ಟರಲ್ಲಿ ಮಾತ್ರ ಆಲ್-ಇನ್ ಮಾಡುವ ಜಾಗರೂಕ ಆಟಗಾರನ ಹರವು 1,326ರಲ್ಲಿ 62 ಬಗೆ, ಶೇ. ಐದಕ್ಕಿಂತ ಕಡಿಮೆ.

ಒಬ್ಬ ಆಟಗಾರ ಕಳೆದ ಹತ್ತು ಹಂಚಿಕೆಯಲ್ಲಿ ಐದು ಸಲ ಆಲ್-ಇನ್ ಮಾಡಿದ್ದಾನೆ ಎಂದುಕೊಳ್ಳೋಣ. ಎಲ್ಲ ಎಲೆಗಳಲ್ಲಿ ಉತ್ತಮವಾದ ಶೇ. 10 ಮಾತ್ರ ಆಡುವವನಿಗೆ ಹತ್ತರಲ್ಲಿ ಐದು ಅಥವಾ ಹೆಚ್ಚು ಸಲ ಅಂಥ ಎಲೆ ಬರುವ ಸಂಭವ ಸಾವಿರಕ್ಕೆ ಎರಡಕ್ಕೂ ಕಡಿಮೆ. ಆದ್ದರಿಂದ ಅವನು ಕಳಪೆ ಎಲೆಗಳಲ್ಲೂ ನೂಕುತ್ತಿದ್ದಾನೆ ಎಂಬ ತೀರ್ಮಾನಕ್ಕೆ ಆಧಾರವಿದೆ. ಒಂದೆರಡು ಸಲ ನೋಡಿ ಹೀಗೆ ತೀರ್ಮಾನಿಸಲಾಗದು; ಒಳ್ಳೆಯ ಎಲೆ ಬೆನ್ನುಬೆನ್ನಿಗೆ ಬರುವುದೂ ಉಂಟು. ಎಲೆ ತೆರೆದು ತೋರಿಸಬೇಕಾಗಿ ಬಂದಾಗ ಅವನ ಕೈಯಲ್ಲಿ ಏನಿತ್ತೆಂದು ನೆನಪಿಟ್ಟುಕೊಳ್ಳುವುದು ಎಲ್ಲಕ್ಕಿಂತ ನಂಬಿಕಸ್ಥ ಸಾಕ್ಷ್ಯ. ಒಮ್ಮೆ 9-4 ಹಿಡಿದು ಆಲ್-ಇನ್ ಮಾಡಿದವನ ಹರವು ದೊಡ್ಡದು. ಮೂರು ಸಲವೂ ದೊಡ್ಡ ಜೋಡಿ ತೋರಿಸಿದವನನ್ನು ದುಡುಕಿನವನೆಂದು ಕರೆಯುವುದು ಕೇವಲ ಕೋಪ.

ಹರವು ತಿಳಿದಮೇಲೆ ಕೈಯಲ್ಲಿರುವ ಎಲೆಯ ಬಲ ತಿಳಿಯುತ್ತದೆ. ಎದುರಾಳಿ ಯಾವುದೇ ಎರಡು ಎಲೆಯಲ್ಲಿ ನೂಕುವವನಾದರೆ ಎಕ್ಕದ ಜೋಡಿ ಅವನ ವಿರುದ್ಧ ನೂರಕ್ಕೆ 85 ಸಲ ಗೆಲ್ಲುತ್ತದೆ. ಗುಲಾಮನ ಜೋಡಿ 77 ಸಲ, ಏಳರ ಜೋಡಿ 66 ಸಲ. ಬೇರೆ ಬೇರೆ ಜಾತಿಯ ಎಕ್ಕ-ರಾಜ 65, ಎಕ್ಕ-ರಾಣಿ 64, ಎಕ್ಕ-ಹತ್ತು 63ರ ಆಸುಪಾಸು. ಎರಡರ ಜೋಡಿ ಸರಿಸುಮಾರು ಸಮಬಲ. 9-8ರಂಥ ಮಧ್ಯಮ ಎಲೆಯೂ 48ರಷ್ಟು ಗೆಲ್ಲುತ್ತದೆ. ಅತ್ಯಂತ ಕಳಪೆ ಎನಿಸಿಕೊಂಡ 7-2 ಸಹ ಮೂರರಲ್ಲಿ ಒಂದು ಸಲ ಗೆಲ್ಲುತ್ತದೆ. ಹೋಲ್ಡೆಮ್‌ನಲ್ಲಿ ಎಲೆಗಳ ನಡುವಿನ ಅಂತರ ಕಣ್ಣಿಗೆ ಕಾಣುವಷ್ಟು ದೊಡ್ಡದಲ್ಲ. ದುಡುಕಿನವರು ಇಷ್ಟು ಸಲ ಗೆದ್ದು ಬರುವುದು ಈ ಕಾರಣಕ್ಕೆ.

ಅದೇ ಎಕ್ಕ-ಹತ್ತು ಮೇಲೆ ಹೇಳಿದ ಜಾಗರೂಕ ಆಟಗಾರನ ಎದುರು ನೂರಕ್ಕೆ 27ರ ಹತ್ತಿರ ಕುಸಿಯುತ್ತದೆ. ಎದುರಾಳಿಯ ಕೈಯಲ್ಲಿ ಎಕ್ಕ-ರಾಜ ಇದ್ದರೆ ಎಕ್ಕ ಇಬ್ಬರಿಗೂ ಸಮ. ಬಹುಮಟ್ಟಿಗೆ ಹತ್ತು ಬಂದರೆ ಮಾತ್ರ ಉಳಿವು. ರಾಣಿಯ ಜೋಡಿಯಿದ್ದರೆ ಸಾಮಾನ್ಯವಾಗಿ ಎಕ್ಕವೇ ಬರಬೇಕು. ಕೈಯಲ್ಲಿರುವ ಎಲೆ ಬದಲಾಗಿಲ್ಲ, ಎದುರಾಳಿ ಬದಲಾಗಿದ್ದಾನೆ ಅಷ್ಟೇ.

ಎದುರಾಳಿ ಎಂಥವನೆಂಬುದು ಖಚಿತವಿಲ್ಲದಾಗ ಎರಡನ್ನೂ ತೂಗಿ ನೋಡಬೇಕು. ಅವನು ದುಡುಕಿನವನಾಗಿರುವ ಸಂಭವ 60, ಜಾಗರೂಕನಾಗಿರುವ ಸಂಭವ 40 ಎಂದಿಟ್ಟುಕೊಂಡರೆ ಎಕ್ಕ-ಹತ್ತಿನ ಗೆಲುವು 63ರ ಶೇ. 60 ಮತ್ತು 27ರ ಶೇ. 40 ಸೇರಿ ಸುಮಾರು 49 ಆಗುತ್ತದೆ. ಬೇಕಾಗಿದ್ದ 44ಕ್ಕಿಂತ ಇದು ಹೆಚ್ಚು. ಚಿಪ್‌ಗಳ ಲೆಕ್ಕ ಕಾಲ್ ಮಾಡು ಎನ್ನುತ್ತದೆ. ಮೂರನೆಯ ಪ್ರಶ್ನೆ ಅದನ್ನು ಬದಲಿಸಬಹುದು.

ಮೂರನೆಯ ಪ್ರಶ್ನೆ: ಚಿಪ್‌ಗಳ ನಿಜವಾದ ಮೌಲ್ಯ

ಟೂರ್ನಮೆಂಟಿನಲ್ಲಿ ಚಿಪ್ ಎರಡು ಪಟ್ಟಾದರೆ ಬಹುಮಾನದ ನಿರೀಕ್ಷೆ ಎರಡು ಪಟ್ಟಾಗುವುದಿಲ್ಲ. ಎಲ್ಲ ಚಿಪ್ಪನ್ನೂ ಗೆದ್ದವರಿಗೂ ಮೊದಲ ಬಹುಮಾನ ಮಾತ್ರ ಸಿಗುತ್ತದೆ. ಎರಡನೆಯದು, ಮೂರನೆಯದು ಬೇರೆಯವರ ಪಾಲು. ಕಳೆದುಕೊಳ್ಳುವ ಚಿಪ್‌ನ ಬೆಲೆ ಸಾಮಾನ್ಯವಾಗಿ ಗೆಲ್ಲುವ ಚಿಪ್‌ನ ಬೆಲೆಗಿಂತ ಹೆಚ್ಚು.

ಇದನ್ನು ಅಂಕಿಗಳಲ್ಲಿ ಹಿಡಿಯುವ ಸೂತ್ರ ಹುಟ್ಟಿದ್ದು ಕುದುರೆ ಪಂದ್ಯದ ಲೆಕ್ಕಾಚಾರದಲ್ಲಿ. ಒಂದೊಂದು ಕುದುರೆ ಮೊದಲು ಬರುವ ಸಂಭವ ಗೊತ್ತಿದ್ದರೆ ಅದು ಎರಡನೆಯ, ಮೂರನೆಯ ಸ್ಥಾನಕ್ಕೆ ಬರುವ ಸಂಭವವನ್ನು ಹೇಗೆ ಕಂಡುಹಿಡಿಯಬಹುದೆಂದು ಡೇವಿಡ್ ಹಾರ್ವಿಲ್ 1973ರಲ್ಲಿ ತೋರಿಸಿದರು. 1987ರಲ್ಲಿ ಮೇಸನ್ ಮಾಲ್ಮುತ್ ಅದೇ ಮಾದರಿಯನ್ನು ಪೋಕರ್ ಟೂರ್ನಮೆಂಟಿಗೆ ತಂದರು. ಕುದುರೆಯ ಜಾಗದಲ್ಲಿ ಆಟಗಾರ, ಗೆಲುವಿನ ಸಂಭವದ ಜಾಗದಲ್ಲಿ ಒಟ್ಟು ಚಿಪ್‌ನಲ್ಲಿ ಅವನ ಪಾಲು. ಇದಕ್ಕೆ ಸ್ವತಂತ್ರ ಚಿಪ್ ಮಾದರಿ ಅಥವಾ ಚುಟುಕಾಗಿ ಐಸಿಎಂ ಎಂದು ಹೆಸರು.

ಕೊಡಗಿನ ಪಾಲಿಬೆಟ್ಟದಂಥ ಊರಿನಲ್ಲಿ ಲೆಕ್ಕವನ್ನು ಕೂರಿಸಿ ನೋಡಬಹುದು. ಸುತ್ತಲೂ ಕಾಫಿ ತೋಟ, ಬೆಳೆಗಾರರ ಹಳೆಯ ಬ್ಯಾಂಬೂ ಕ್ಲಬ್ ಇರುವ ಊರು. ಸುರಿಯುವ ಮಳೆಯಲ್ಲಿ ತೋಟದ ಕೆಲಸ ತಗ್ಗಿದಾಗ ಸಂಜೆಗಳು ಉದ್ದವಾಗುತ್ತವೆ. ಪ್ರವೇಶ ಶುಲ್ಕವಿಲ್ಲದೆ ನೆಂಟರಿಷ್ಟರು ಸೇರಿ ಒಂದು ಪೋಕರ್ ಟೂರ್ನಮೆಂಟ್ ನಡೆಸಿದರೆಂದು ಊಹಿಸೋಣ. ಬಹುಮಾನ ದಾನವಾಗಿ ಬಂದ 100 ಕಿಲೋ ಕಾಫಿ: ಮೊದಲನೆಯವರಿಗೆ 50 ಕಿಲೋದ ಒಂದು ಚೀಲ, ಎರಡನೆಯವರಿಗೆ 30 ಕಿಲೋ, ಮೂರನೆಯವರಿಗೆ 20 ಕಿಲೋ. ನಾಲ್ವರು ಉಳಿದಿದ್ದಾರೆ, ನಾಲ್ವರ ಬಳಿಯೂ ಸಮ ಚಿಪ್. ಇನ್ನೊಬ್ಬರು ಹೊರಬಿದ್ದರೆ ಉಳಿದ ಮೂವರಿಗೂ ಕಾಫಿ ಖಚಿತ.

ಈ ಹೊತ್ತಿನಲ್ಲಿ ಪ್ರತಿಯೊಬ್ಬರ ನಿರೀಕ್ಷೆ 25 ಕಿಲೋ. ಒಬ್ಬ ದುಡುಕಿನವನು ಎಲೆಯನ್ನೂ ನೋಡದೆ ಎಲ್ಲವನ್ನೂ ಮುಂದೆ ನೂಕುತ್ತಾನೆ. ಕಾಲ್ ಮಾಡಿ ಸೋತವರಿಗೆ ಸೊನ್ನೆ. ಗೆದ್ದವರ ಬಳಿ ಒಟ್ಟು ಚಿಪ್‌ನ ಅರ್ಧ ಸೇರುತ್ತದೆ. ಹಾರ್ವಿಲ್ ಸೂತ್ರದ ಪ್ರಕಾರ ಅವರಿಗೆ ಮೊದಲ ಸ್ಥಾನದ ಸಂಭವ ಎರಡರಲ್ಲಿ ಒಂದು, ಎರಡನೆಯದು ಮೂರರಲ್ಲಿ ಒಂದು, ಮೂರನೆಯದು ಆರರಲ್ಲಿ ಒಂದು. 50 ಕಿಲೋದ ಅರ್ಧ 25, 30 ಕಿಲೋದ ಮೂರನೇ ಒಂದು 10, 20 ಕಿಲೋದ ಆರನೇ ಒಂದು 3.33, ಒಟ್ಟು 38.33 ಕಿಲೋ. ಚಿಪ್ ಎರಡು ಪಟ್ಟಾಯಿತು, ಕಾಫಿ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಾಯಿತು. ಕಾಲ್ ಸರಿಯಾಗಬೇಕಾದರೆ 25ನ್ನು 38.33ರಿಂದ ಭಾಗಿಸಿದಷ್ಟು, ಅಂದರೆ ಶೇ. 65.2ರಷ್ಟು ಗೆಲುವಿನ ಸಂಭವ ಬೇಕು.

ಒಬ್ಬ ಆಟಗಾರ್ತಿಯ ಕೈಯಲ್ಲಿ ಇಸ್ಪೀಟಿನ ಎಕ್ಕ, ಆಟಿನ್ ರಾಣಿ ಇದೆ. ಎದುರಿನವನಿಗೆ ಎಂಥ ಎಲೆಯೂ ಇರಬಹುದು. ಚಿಪ್‌ಗಳ ಲೆಕ್ಕದಲ್ಲಿ ಶೇ. 64.4ರ ಗೆಲುವು ದೊಡ್ಡ ಮೇಲುಗೈ, ಕಣ್ಣು ಮುಚ್ಚಿ ಕಾಲ್ ಮಾಡಬಹುದಾದ ಎಲೆ. ಕಾಫಿಯ ಲೆಕ್ಕದಲ್ಲಿ 38.33ರ ಶೇ. 64.4 ಎಂದರೆ 24.7 ಕಿಲೋ. ಸುಮ್ಮನೆ ಎಲೆ ಬಿಟ್ಟರೆ 25 ಕಿಲೋ. ಕೂದಲೆಳೆಯಷ್ಟು ಅಂತರದಲ್ಲಿ ಫೋಲ್ಡ್ ಮಾಡುವುದೇ ಸರಿ. ಅವಳ ಬಳಿ ಗುಲಾಮನ ಜೋಡಿ ಇದ್ದಿದ್ದರೆ ನಿರೀಕ್ಷೆ 29.7 ಕಿಲೋ, ಆಗ ತಡಮಾಡದೆ ಕಾಲ್. ಒಟ್ಟಾರೆ ಈ ಸನ್ನಿವೇಶದಲ್ಲಿ ಏಳರ ಜೋಡಿ ಮತ್ತು ಅದಕ್ಕೆ ಮೇಲಿನವು, ಎಕ್ಕ-ರಾಜ, ಒಂದೇ ಜಾತಿಯ ಎಕ್ಕ-ರಾಣಿ, ಎಕ್ಕ-ಗುಲಾಮ ಇಷ್ಟೇ ಮಿತಿ ದಾಟುತ್ತವೆ. ಇಲ್ಲಿ ಬ್ಲೈಂಡ್‌ಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ. ಬಿಗ್ ಬ್ಲೈಂಡ್ ಕಟ್ಟಿದವರಿಗೆ ಮಿತಿ ಸ್ವಲ್ಪ ಇಳಿಯುತ್ತದೆ, ಎಕ್ಕ-ರಾಣಿಯಂಥ ಅಂಚಿನ ಎಲೆ ಆಗ ಒಳಗೆ ಬರುತ್ತದೆ.

ಕಾಲ್‌ಗೂ ಮುಂಚೆ ಸೆಣಸುವ ಇಬ್ಬರ ಒಟ್ಟು ನಿರೀಕ್ಷೆ 50 ಕಿಲೋ ಇತ್ತು. ಒಬ್ಬರು ಹೊರಬಿದ್ದಮೇಲೆ ಗೆದ್ದವರ ಪಾಲು 38.33 ಕಿಲೋ. ಉಳಿದ 11.67 ಕಿಲೋ ಎಲೆಯನ್ನೇ ಮುಟ್ಟದೆ ಕೂತಿದ್ದ ಇನ್ನಿಬ್ಬರಿಗೆ ಹಂಚಿಹೋಯಿತು. ತಲಾ 25 ಇದ್ದ ಅವರ ನಿರೀಕ್ಷೆ 30.83ಕ್ಕೆ ಏರಿತು. ಇಬ್ಬರ ಜಗಳ ಮೂರನೆಯವರಿಗೆ ಲಾಭ ಎಂಬ ಗಾದೆ ಬಹುಮಾನದ ಹೊಸ್ತಿಲಲ್ಲಿ ಅಕ್ಷರಶಃ ನಿಜ. ದುಡುಕಿನವನನ್ನು ಹೊರಹಾಕುವ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದರಲ್ಲಿ ಹೇಡಿತನವಿಲ್ಲ.

ಆದರೆ ಬಿಡುತ್ತಲೇ ಇರುವುದಕ್ಕೂ ಬೆಲೆಯಿದೆ. 10,000 ಚಿಪ್ ಇರುವವರು ಸುತ್ತಿಗೆ 1,500 ಬ್ಲೈಂಡ್ ಕಟ್ಟುತ್ತಾರೆ. ನಾಲ್ವರ ಮೇಜಿನಲ್ಲಿ ನಾಲ್ಕೇ ಹಂಚಿಕೆಗೆ ಒಂದು ಸುತ್ತು. ಎಲ್ಲರೂ ಕಾದು ಕೂತರೆ ಆ ಬ್ಲೈಂಡೆಲ್ಲ ದುಡುಕಿನವನ ಜೇಬಿಗೆ ಹೋಗುತ್ತದೆ. ಕಾಯುವುದು ಮಿತಿ ದಾಟಿದ ಎಲೆಗಾಗಿ ಇರಬೇಕು, ಎಕ್ಕದ ಜೋಡಿಗಾಗಿ ಅಲ್ಲ.

ಮಿತಿ ಏರುವ, ಇಳಿಯುವ ಜಾಗಗಳು

ನೂರಾರು ಜನರ ಟೂರ್ನಮೆಂಟಿನ ಮೊದಲ ಸುತ್ತಿನಲ್ಲಿ ಬಹುಮಾನ ದೂರ. ಚಿಪ್ ಎರಡು ಪಟ್ಟಾದರೆ ನಿರೀಕ್ಷೆಯೂ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ, ಆದ್ದರಿಂದ ಚಿಪ್‌ಗಳ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚು ಸಂಭವವಿದ್ದರೆ ಸಾಕು. ಮರುಖರೀದಿಗೆ ಅವಕಾಶವಿದ್ದರೆ ಸೋತವರೂ ಹಿಂದಿರುಗಬಹುದಾದ್ದರಿಂದ ಮಿತಿ ಇನ್ನಷ್ಟು ಸಡಿಲ. ಎದುರಾಳಿಯನ್ನು ಹೊರಹಾಕಿದವರಿಗೆ ಪ್ರತ್ಯೇಕ ಬಹುಮಾನವಿರುವ ಬಗೆಯಲ್ಲೂ ಹಾಗೆಯೇ. ಕೊನೆಯ ಇಬ್ಬರೇ ಉಳಿದಾಗ ಎರಡನೆಯ ಬಹುಮಾನ ಇಬ್ಬರಿಗೂ ಖಚಿತ. ಮಿಕ್ಕಿದ್ದು ಒಬ್ಬರಿಗೆ. ಆಗ ಚಿಪ್‌ಗಳ ಲೆಕ್ಕವೇ ಪೂರ್ತಿ ಲೆಕ್ಕ, ಮಿತಿಯ ಬಿಗಿ ಮಾಯವಾಗುತ್ತದೆ.

ಮಿತಿ ಅತಿ ಬಿಗಿಯಾಗುವುದು ಸ್ಯಾಟಲೈಟ್ ಎಂಬ ಅರ್ಹತಾ ಟೂರ್ನಮೆಂಟುಗಳಲ್ಲಿ. ಇವುಗಳಲ್ಲಿ ಬಹುಮಾನ ಹಣವಲ್ಲ, ದೊಡ್ಡ ಟೂರ್ನಮೆಂಟಿನ ಪ್ರವೇಶ. ಗೆದ್ದವರಿಗೆಲ್ಲ ಒಂದೇ ಬೆಲೆಯದು. 2003ರಲ್ಲಿ ಕ್ರಿಸ್ ಮನಿಮೇಕರ್ 86 ಡಾಲರಿನ ಆನ್‌ಲೈನ್ ಸ್ಯಾಟಲೈಟಿನಿಂದ ಶುರುಮಾಡಿ ವಿಶ್ವ ಸರಣಿಯ ಮುಖ್ಯ ಪಂದ್ಯವನ್ನೂ ಗೆದ್ದು 25 ಲಕ್ಷ ಡಾಲರ್ ಪಡೆದದ್ದು ಪ್ರಸಿದ್ಧ. ಐದು ಪ್ರವೇಶಗಳಿಗೆ ಆರು ಜನ ಸಮ ಚಿಪ್‌ನೊಂದಿಗೆ ಉಳಿದಿದ್ದಾರೆ ಎಂದುಕೊಂಡರೆ ಸುಮ್ಮನೆ ಕೂತವರಿಗೂ ಪ್ರವೇಶದ ಸಂಭವ ಆರರಲ್ಲಿ ಐದು, ಅಂದರೆ ಶೇ. 83.3. ಯಾವುದೇ ಎಲೆಯಲ್ಲಿ ನೂಕುವವನ ಎದುರು ರಾಜನ ಜೋಡಿಯ ಗೆಲುವು ಶೇ. 82.4. ಹೋಲ್ಡೆಮ್‌ನ ಎರಡನೇ ಅತ್ಯುತ್ತಮ ಎಲೆಯನ್ನು, ಅದೂ ಬರಿಗೈಯವನ ಎದುರು, ಕೆಳಗಿಡಬೇಕಾಗುತ್ತದೆ. ಶೇ. 85.2 ಗೆಲ್ಲುವ ಎಕ್ಕದ ಜೋಡಿ ಮಾತ್ರ ಕಷ್ಟದಲ್ಲಿ ಪಾರಾಗುತ್ತದೆ. ಒಬ್ಬನ ಬಳಿ ಒಂದೆರಡು ಚಿಪ್ ಮಾತ್ರ ಉಳಿದು ಅವನು ಹೊರಬೀಳುವುದು ಖಚಿತವೆನಿಸಿದರೆ ಉಳಿದವರು ಎಕ್ಕದ ಜೋಡಿಯನ್ನೂ ಬಿಡುವುದು ಸರಿ.

ಚಿಪ್ ರಾಶಿಗಳ ಗಾತ್ರವೂ ಮುಖ್ಯ. ಆಲ್-ಇನ್ ಮಾಡಿದವನ ಬಳಿ ಕಡಿಮೆ ಚಿಪ್ ಇದ್ದರೆ ಸೋತರೂ ಆಟದಲ್ಲಿ ಉಳಿಯಬಹುದು, ಮಿತಿ ಇಳಿಯುತ್ತದೆ. ಅವನ ಬಳಿ ಹೆಚ್ಚಿದ್ದು, ಮೇಜಿನಲ್ಲಿ ಇನ್ನೊಬ್ಬರು ಹೊರಬೀಳುವ ಅಂಚಿನಲ್ಲಿದ್ದರೆ ಮಧ್ಯಮ ರಾಶಿಯವರು ಎಲ್ಲರಿಗಿಂತ ಹೆಚ್ಚು ಬಿಗಿಯಾಗಬೇಕು. ಇನ್ನೂ ಸರದಿ ಬರದವರು ಎಷ್ಟು ಜನ ಎಂಬುದನ್ನೂ ನೋಡಬೇಕು. ಹಿಂದೆ ನಾಲ್ವರು ಕಾದಿದ್ದರೆ ಅವರಲ್ಲಿ ಯಾರಿಗಾದರೂ ಅತ್ಯುತ್ತಮ ಶೇ. 5ರ ಎಲೆ ಬಂದಿರುವ ಸಂಭವ ಶೇ. 18ಕ್ಕೂ ಹೆಚ್ಚು. ದುಡುಕಿನವನನ್ನು ಹಿಡಿಯಹೋಗಿ ಮೂರನೆಯವರ ಕೈಗೆ ಸಿಕ್ಕಿಬೀಳುವುದು ಹೀಗೆಯೇ.

ನೂಕುವುದಕ್ಕೂ ಹಿಡಿಯುವುದಕ್ಕೂ ಇರುವ ಅಂತರ

ತಾವೇ ಮೊದಲು ಪಣ ಹೆಚ್ಚಿಸಲು ಬೇಕಾದ ಎಲೆಗಿಂತ ಇನ್ನೊಬ್ಬರು ಹೆಚ್ಚಿಸಿದ್ದಕ್ಕೆ ಕಾಲ್ ಮಾಡಲು ಗಟ್ಟಿ ಎಲೆ ಬೇಕೆಂಬುದನ್ನು ಡೇವಿಡ್ ಸ್ಕ್ಲಾನ್ಸ್ಕಿ ಅಂತರದ ತತ್ವವೆಂದು ಕರೆದರು. ನೂಕುವವರಿಗೆ ಗೆಲ್ಲಲು ಎರಡು ದಾರಿ: ಎಲ್ಲರೂ ಎಲೆ ಬಿಡಬಹುದು, ಇಲ್ಲವೇ ತಮ್ಮ ಎಲೆಯೇ ಗೆಲ್ಲಬಹುದು. ಕಾಲ್ ಮಾಡುವವರಿಗೆ ಒಂದೇ ದಾರಿ. ಎದುರಾಳಿ ಎಲೆ ನೋಡದೆ ನೂಕುತ್ತಾನೆಂದು ಖಚಿತವಾದಾಗ ಈ ಅಂತರ ಕಿರಿದಾಗುತ್ತದೆ. ಸ್ವತಃ ಆಲ್-ಇನ್ ಮಾಡಲು ಹಿಂಜರಿಯುವ ಎಲೆಯಲ್ಲೂ ಅವನಿಗೆ ಕಾಲ್ ಮಾಡಬಹುದು.

ಈ ಲೆಕ್ಕದ ಬುನಾದಿ ಗಣಿತದಲ್ಲಿದೆ. ಜಾನ್ ವಾನ್ ನಾಯ್ಮನ್ ಮತ್ತು ಆಸ್ಕರ್ ಮೊರ್ಗೆನ್‌ಸ್ಟರ್ನ್ 1944ರ ತಮ್ಮ ಆಟದ ಸಿದ್ಧಾಂತದ ಗ್ರಂಥದಲ್ಲಿ ಪೋಕರಿನ ಸರಳ ರೂಪವನ್ನು ಬಿಡಿಸಿದರು. ಯಾವ ಆಟಗಾರನೂ ತಾನೊಬ್ಬನೇ ನಡೆ ಬದಲಿಸಿ ಲಾಭ ಪಡೆಯಲಾಗದ ಸಮತೋಲನವನ್ನು ಜಾನ್ ನ್ಯಾಶ್ 1950ರಲ್ಲಿ ನಿರೂಪಿಸಿ, ತಮ್ಮ ಪ್ರಬಂಧದಲ್ಲಿ ಮೂವರು ಆಡುವ ಪೋಕರ್ ಮಾದರಿಯನ್ನೇ ಉದಾಹರಣೆಯಾಗಿ ಕೊಟ್ಟರು. ಕಡಿಮೆ ಚಿಪ್ ಇರುವಾಗ ಯಾವ ಎಲೆಯಲ್ಲಿ ನೂಕಬೇಕು, ಯಾವುದರಲ್ಲಿ ಹಿಡಿಯಬೇಕು ಎಂಬ ಇಂದಿನ ಕೋಷ್ಟಕಗಳು ಆ ಸಮತೋಲನದಿಂದ ಬಂದವು. ಕೋಷ್ಟಕ ಊಹಿಸಿಕೊಳ್ಳುವುದು ಇಬ್ಬರೂ ತಪ್ಪಿಲ್ಲದೆ ಆಡುತ್ತಾರೆಂದು. ದುಡುಕಿನವನು ಅದನ್ನು ಮೀರಿ ನೂಕುವುದರಿಂದ ಅವನ ಎದುರು ಕೋಷ್ಟಕ ಹೇಳುವುದಕ್ಕಿಂತ ಹೆಚ್ಚು ಎಲೆಗಳಲ್ಲಿ ಕಾಲ್ ಮಾಡಬಹುದು. ಎಷ್ಟು ಹೆಚ್ಚು ಎಂಬುದನ್ನು ನೋಡಿ ಕಲಿಯಬೇಕು.

ಮನಸ್ಸಿನ ಹತೋಟಿ

ಲೆಕ್ಕ ಗೊತ್ತಿರುವವರೂ ಎಡವುವುದು ಸಿಟ್ಟಿನಿಂದ. ಮೂರು ಸಲ ಎಲೆ ಬಿಟ್ಟುಕೊಟ್ಟಮೇಲೆ ದುಡುಕಿನವನಿಗೆ ಪಾಠ ಕಲಿಸಬೇಕೆನಿಸುತ್ತದೆ. ನಾಲ್ಕನೆಯ ಸಲ ರಾಜ-ಐದು ಹಿಡಿದು ಕಾಲ್ ಮಾಡುವವರ ನಿರ್ಧಾರದಲ್ಲಿ ಎಲೆಯೂ ಇಲ್ಲ, ಬೆಲೆಯೂ ಇಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು.

ಸರಿಯಾದ ಕಾಲ್ ಕೂಡ ಸೋಲುತ್ತದೆ ಎಂಬುದನ್ನು ಒಪ್ಪಿಕೊಳ್ಳುವುದು ಇನ್ನೊಂದು ಶಿಸ್ತು. ಶೇ. 65 ಗೆಲ್ಲುವ ಎಲೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಲ ಸೋಲುತ್ತದೆ. ಅಂಥ ಮೂರು ಆಲ್-ಇನ್‌ಗಳನ್ನು ಸಾಲಾಗಿ ಗೆಲ್ಲುವ ಸಂಭವ ನೂರಕ್ಕೆ 27 ಮಾತ್ರ. ಶೇ. 80ರ ಮೇಲುಗೈ ಇದ್ದರೂ ಐದು ಸಲ ಸತತವಾಗಿ ಗೆಲ್ಲುವವರು ಮೂವರಲ್ಲಿ ಒಬ್ಬರು. ಸೋತ ಕಾಲ್ ತಪ್ಪೆಂದೂ ಗೆದ್ದ ಕಾಲ್ ಸರಿಯೆಂದೂ ತಿಳಿಯುವವರು ಆಟದಿಂದ ಏನನ್ನೂ ಕಲಿಯುವುದಿಲ್ಲ. ಕಾಲ್ ಮಾಡುವ ಹೊತ್ತಿಗೆ ಗೊತ್ತಿದ್ದ ಸಂಗತಿಗಳಿಂದ ಆ ನಿರ್ಧಾರ ಸರಿಯಾಗಿತ್ತೇ ಎಂಬುದೊಂದೇ ಪರೀಕ್ಷೆ.

ಕೌಶಲ, ಕಾನೂನು ಮತ್ತು ಹಣ

ಕರ್ನಾಟಕ ಪೊಲೀಸ್ ಕಾಯ್ದೆ, 1963 ಜೂಜನ್ನು ಶಿಕ್ಷಾರ್ಹವೆಂದು ಹೇಳಿದರೂ ಕೌಶಲದ ಆಟವನ್ನು ಅದರಿಂದ ಹೊರಗಿಟ್ಟಿದೆ. ರಮ್ಮಿಯಲ್ಲಿ ಕೌಶಲವೇ ಪ್ರಧಾನ ಎಂದು ಸುಪ್ರೀಂ ಕೋರ್ಟ್ 1968ರಲ್ಲಿ ಆಂಧ್ರಪ್ರದೇಶದ ಪ್ರಕರಣವೊಂದರಲ್ಲಿ ಹೇಳಿತ್ತು. ಪೋಕರನ್ನು ಕೌಶಲದ ಆಟವಾಗಿ ಆಡಿಸಲು ಪರವಾನಗಿ ಬೇಕಿಲ್ಲವೆಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಇಂಡಿಯನ್ ಪೋಕರ್ ಅಸೋಸಿಯೇಷನ್ ಪ್ರಕರಣದಲ್ಲಿ ತಿಳಿಸಿತು. ಗುಜರಾತ್ ಹೈಕೋರ್ಟ್ 2017ರಲ್ಲಿ ಇದಕ್ಕೆ ವಿರುದ್ಧವಾಗಿ ಪೋಕರನ್ನು ಅದೃಷ್ಟದ ಆಟವೆಂದಿತು. 2021ರಲ್ಲಿ ಕರ್ನಾಟಕ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿದೆ.

ಆಲ್-ಇನ್‌ಗೆ ಕೊಡುವ ಉತ್ತರ ಕೌಶಲ ಮತ್ತು ಅದೃಷ್ಟ ಎರಡೂ ಕೂಡುವ ಜಾಗ. ಎಲೆ ತೆರೆದ ಮೇಲೆ ನಡೆಯುವುದೆಲ್ಲ ಅದೃಷ್ಟ. ಅದಕ್ಕೂ ಮುಂಚೆ ಬೆಲೆ ಕಟ್ಟುವುದು, ಹರವು ಅಳೆಯುವುದು, ಬಹುಮಾನದ ಪಾಲು ತೂಗುವುದು ಕೌಶಲ. ಕೌಶಲವಿದ್ದವರು ಕೂಡ ಒಂದು ಸಂಜೆಯಲ್ಲಿ, ಒಂದು ತಿಂಗಳಲ್ಲಿ ಸೋಲಬಹುದೆಂದು ಮೇಲಿನ ಅಂಕಿಗಳೇ ಹೇಳುತ್ತವೆ. ಆದ್ದರಿಂದ ಸಂಸಾರದ ಖರ್ಚಿನ ಹಣ, ಸಾಲದ ಹಣ, ಮಾರಿದ ಬೆಳೆಯ ಹಣ ಈ ಮೇಜಿಗೆ ಬರಲೇಬಾರದು. ಆಟ ಬಿಡಲಾಗದ ಚಟವಾಗಿದೆ ಎನಿಸಿದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಉಚಿತವಾಗಿ ಮಾತನಾಡಬಹುದು.

ಮೇಜಿನಲ್ಲಿ ಕೂತಾಗ ಅನುಸರಿಸಬೇಕಾದ ಕ್ರಮವನ್ನು ಹೀಗೆ ಒಟ್ಟುಮಾಡಬಹುದು. ಎದುರಾಳಿಯ ಎಂ ನೋಡಿ ಅವನದು ಅನಿವಾರ್ಯತೆಯೋ ದುಡುಕೋ ತೀರ್ಮಾನಿಸುವುದು. ಪಾಟ್ ಎಣಿಸಿ ಬೇಕಾದ ಗೆಲುವಿನ ಸಂಭವ ಕಂಡುಕೊಳ್ಳುವುದು. ನೋಡಿದ ಹಂಚಿಕೆಗಳಿಂದ ಅವನ ಹರವನ್ನು ಅಂದಾಜಿಸಿ ತನ್ನ ಎಲೆಯ ಬಲ ಅಳೆಯುವುದು. ಬಹುಮಾನ ಎಷ್ಟು ಹತ್ತಿರವಿದೆಯೋ ಅಷ್ಟು ಮಿತಿ ಏರಿಸುವುದು. ಹಿಂದೆ ಸರದಿ ಕಾದಿರುವವರನ್ನು ಎಣಿಸುವುದು. ಇಷ್ಟಾದಮೇಲೂ ಎಲೆ ಮಿತಿ ದಾಟಿದರೆ ಕಾಲ್ ಮಾಡಬೇಕು. ದಾಟದಿದ್ದರೆ ಎದುರಿನವನು ಎಷ್ಟೇ ಕೆಣಕಲಿ, ಫೋಲ್ಡ್ ಮಾಡಿ ಮುಂದಿನ ಹಂಚಿಕೆಗೆ ಕಾಯಬೇಕು.